ಅವ್ವ ಹಿಡಿದಿಟ್ಟ ಚಳಿಗಾಲ

ನಮ್ಮೂರಿನಲ್ಲಿ ಚಳಿಗಾಲ ತಾನಾಗಿ ಬರುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ಎರಡನ್ನೂ ನಾವೇ ಮಾಡಬೇಕು. ನವೆಂಬರಿನಲ್ಲಿ ಸಂತ ಮಾರ್ಟಿನನ ದಿನ ಮಕ್ಕಳು ಕಾಗದದ ಕಂದೀಲು ಹಿಡಿದು ಹಾಡುತ್ತ ಊರು ಸುತ್ತಿ ಬಂದರೆ ಮರುದಿನ ಬೆಳಿಗ್ಗೆ ಹಂಚಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಒಂದು ವರ್ಷ ಮಕ್ಕಳಿಗೆಲ್ಲ ದಡಾರ ಎದ್ದು ಮೆರವಣಿಗೆ ತಡವಾಯಿತು. ಕ್ರಿಸ್ಮಸ್ ಹತ್ತಿರ ಬಂದರೂ ಜನ ಅಂಗಳದಲ್ಲಿ ಬೀಸಣಿಕೆ ಹಿಡಿದು ಮಲಗುತ್ತಿದ್ದರು. ಕೊನೆಗೆ ಹಿರಿಯರೇ ಕಂದೀಲು ಹಿಡಿದು, ಮಕ್ಕಳ ದನಿಯಲ್ಲಿ ಹಾಡಿ, ನಾಚಿಕೊಂಡು ನಾಚಿಕೊಂಡು ಚಳಿಯನ್ನು ಕರೆತಂದರು. ಪ್ರತಿ ವರ್ಷ ಮೆರವಣಿಗೆಯಾದ ಮೇಲೆ ಸರ್ವೆಯ ಟೊಂಗೆ ಸುತ್ತಿದ ಬಳೆಯ ಮೇಲೆ ನಾಲ್ಕು ಮೇಣದಬತ್ತಿ ನಿಲ್ಲಿಸಿ ವಾರಕ್ಕೊಂದು ಹಚ್ಚುತ್ತೇವೆ. ಒಂದೊಂದು ಬತ್ತಿಗೂ ಚಳಿ ಒಂದೊಂದು ಮೆಟ್ಟಿಲು ಏರುತ್ತದೆ. ಕೊನೆಯ ಬತ್ತಿ ಹತ್ತುವ ಹೊತ್ತಿಗೆ ಕಣಿವೆಯಲ್ಲಿ ಮಂಜು ಗೋಡೆ ಕಟ್ಟಿ ಕೆಳಗಿನ ಊರುಗಳ ದಾರಿ ಮುಚ್ಚಿಹೋಗುತ್ತದೆ. ಅದು ಮತ್ತೆ ತೆರೆಯುವುದು ಈಸ್ಟರಿನ ಬೆಂಕಿಗೇ.

ಈ ಹಬ್ಬಗಳನ್ನು ತಂದವರು ಜರ್ಮನಿಯ ಜನ. ಎಂದೋ ಒಂದು ಕಾಲದಲ್ಲಿ ಮಗ್ಗ, ಹಂಚಿನ ಅಚ್ಚು, ಎಲೆಕೋಸನ್ನು ಹುಳಿಗಟ್ಟಿಸಿದ ಹುಳಿಗೋಸಿನ ಭರಣಿಗಳನ್ನು ಹೊತ್ತು ಗುಡ್ಡ ಹತ್ತಿ ಬಂದರು. ಮನೆಯ ನೆನಪಾದಾಗಲೆಲ್ಲ ಒಂದೊಂದು ಹಬ್ಬ ಮಾಡಿದರು. ಕೆಲವರು ಹಿಂದಿರುಗಿದರು, ಉಳಿದವರು ಚರ್ಚಿನ ಹಿಂದಿನ ಮಣ್ಣಿಗೆ ಸೇರಿದರು. ಹಬ್ಬಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಾನು ಓದಲು ಕೆಳಗಿನ ಊರಿಗೆ ಹೋಗಿದ್ದಾಗ ಹಾಸ್ಟೆಲಿನ ಲೈಬ್ರರಿಯಲ್ಲಿ ಆ ದೇಶದ ಬಗ್ಗೆ ಒಂದು ಪುಸ್ತಕ ಸಿಕ್ಕಿತ್ತು. ಅಲ್ಲಿ ಋತು ಮೊದಲು ಬರುತ್ತದಂತೆ, ಹಬ್ಬ ಅದರ ಹಿಂದೆ ಬರುತ್ತದಂತೆ. ನಮ್ಮಲ್ಲಿ ಹಬ್ಬ ಮುಂದೆ, ಋತು ಹಿಂದೆ. ಅಷ್ಟೇ ವ್ಯತ್ಯಾಸ. ಉಳಿದಂತೆ ನಾವೂ ಅವರ ಹಾಗೆ ಮೊಟ್ಟೆಗೆ ಬಣ್ಣ ಹಚ್ಚುತ್ತೇವೆ, ಮೊದಲ ದಿನ ಶಾಲೆಗೆ ಹೋಗುವ ಮಗುವಿನ ಕೈಗೆ ಅದರಷ್ಟೇ ಎತ್ತರದ ಮಿಠಾಯಿಯ ಕಾಗದದ ಪೊಟ್ಟಣ ಕೊಟ್ಟು ಅಳು ನಿಲ್ಲಿಸುತ್ತೇವೆ.

ಚಳಿಗಾಲವನ್ನು ಕಳಿಸುವ ಬಗೆ ಹೀಗೆ. ಕ್ರಿಸ್ಮಸ್ಸಿಗೆ ಪ್ರತಿ ಮನೆಯಲ್ಲೂ ಸಿಂಗರಿಸಿದ ಸರ್ವೆ ಗಿಡವನ್ನು ಎಸೆಯುವುದಿಲ್ಲ. ಹಿತ್ತಲಲ್ಲಿ ಒಣಗಿಸಿ ಇಡುತ್ತಾರೆ. ಈಸ್ಟರಿನ ಹಿಂದಿನ ಶನಿವಾರ ಸಂಜೆ ಆ ಮನೆಯ ಯಜಮಾನಿ ಅದನ್ನು ತನ್ನ ಕೈಯಾರೆ ಗುಡ್ಡದ ನೆತ್ತಿಗೆ ಒಯ್ದು ಅಲ್ಲಿ ರಾಶಿ ಹಾಕಿದ ಗಿಡಗಳ ಒಟ್ಟಲಿಗೆ ಹಾಕಬೇಕು. ಎಲ್ಲ ಮನೆಗಳ ಗಿಡವೂ ಬಿದ್ದರೆ ಬೆಂಕಿ ಹತ್ತುತ್ತದೆ. ಒಂದು ಮನೆಯದು ಕಡಿಮೆಯಾದರೂ ಹತ್ತುವುದಿಲ್ಲ. ಬೆಂಕಿ ಎದ್ದ ಮೇಲೆ ಹುಲ್ಲು ತುಂಬಿದ ಆಳೆತ್ತರದ ಮರದ ಗಾಲಿಗಳಿಗೆ ಅದರಿಂದ ಕಿಡಿ ಮುಟ್ಟಿಸಿ ಗುಡ್ಡದಿಂದ ಕೆರೆಯವರೆಗೆ ಉರುಳಿಬಿಡುತ್ತೇವೆ. ಅವನ್ನು ಬೆಂಕಿಗಾಲಿ ಎನ್ನುತ್ತೇವೆ. ಚಳಿ ಅವುಗಳ ಮುಂದೆ ಓಡಿಹೋಗುತ್ತದೆ. ಆಮೇಲೆ ಮೇ ತಿಂಗಳಿಗೆ ಪೇಟೆಯ ಬಯಲಿನಲ್ಲಿ ರಿಬ್ಬನ್ ಕಟ್ಟಿದ ಎತ್ತರದ ಕಂಬ ನಿಲ್ಲಿಸುತ್ತಾರೆ. ಬೆಂಕಿ ಎದ್ದರೆ ಎಳೆಬಿಸಿಲು, ಕಂಬ ನಿಂತರೆ ಧಗೆ.

ಆ ಬೆಂಕಿಗಾಲಿಗಳನ್ನು ಮಾಡುತ್ತಿದ್ದವನು ನಮ್ಮಪ್ಪ ಸಿಮಿಯೋನಪ್ಪ. ಉಳಿದ ದಿನ ಗಾಡಿಯ ಗಾಲಿ ಮಾಡುತ್ತಿದ್ದ. ನಮ್ಮವ್ವ ರಾಹೇಲವ್ವನದು ಬ್ರೆಡ್ಡಿನ ಬಟ್ಟಿ. ಮನೆಯ ಮುಂಭಾಗದಲ್ಲಿ ಬಟ್ಟಿ, ಹಿಂದೆ ನಾವು. ಆ ವರ್ಷ ಡಿಸೆಂಬರಿನಲ್ಲಿ, ನಿಕೊಲಾಸನ ಹಬ್ಬಕ್ಕೆ ಮಕ್ಕಳು ಬಾಗಿಲಲ್ಲಿ ಬೂಟು ಇಟ್ಟು ಬೆಲ್ಲ ಶೇಂಗಾಕ್ಕೆ ಕಾಯುವ ಹೊತ್ತಿನಲ್ಲಿ, ದಾರಿ ಇನ್ನೂ ತೆರೆದಿದ್ದಾಗ, ಕೆಳಗಿನಿಂದ ಡಾಕ್ಟರು ಬಂದರು. ಅಪ್ಪನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಬಟ್ಟಿಯ ಮುಂದೆ ಬಂದು ಅವ್ವನಿಗೆ ತಗ್ಗಿದ ದನಿಯಲ್ಲಿ ಹೇಳಿದರು. "ಹೃದಯ ಬಹಳ ಸೋತದ್ರಿ. ಥಂಡಿಯೊಳಗ ಹೆಂಗೋ ತಡಕೋತದ. ಸೆಕಿ ಬಿತ್ತಂದ್ರ ತಡಿಯೂದಿಲ್ಲ. ಚಳಿಗಾಲ ಮುಗಿಯೂತನಾ ಅಂತ ತಿಳಕೋರಿ."

ಅವರು ಕೆಳಗಿನ ಊರಿನವರು. ಅವರ ಪಾಲಿಗೆ ಚಳಿಗಾಲ ಮುಗಿಯುವುದೆಂದರೆ ಕ್ಯಾಲೆಂಡರಿನ ಒಂದು ತಾರೀಕು. ನಮ್ಮೂರಿನಲ್ಲಿ ಅದು ತಾರೀಕಲ್ಲ, ಕೆಲಸ. ಯಾರಾದರೂ ಮಾಡಬೇಕಾದ ಕೆಲಸ. ಅಂದರೆ ಯಾರಾದರೂ ಮಾಡದೆ ಬಿಡಬಹುದಾದ ಕೆಲಸ. ಅವ್ವ ಡಾಕ್ಟರಿಗೆ ಎರಡು ಬಿಸಿ ಬ್ರೆಡ್ಡು ಕಟ್ಟಿಕೊಟ್ಟು, ಕೈಯಲ್ಲಿದ್ದ ಹಿಟ್ಟನ್ನು ಮತ್ತೆ ನಾದಲು ಕುಳಿತಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಲೆಕ್ಕ ಬಿಡಿಸುವವರ ಮುಖ ಇರುತ್ತದಲ್ಲ, ಹಾಗಿತ್ತು.

ಹೊಸ ವರ್ಷದ ಸಂಜೆ ಎಲ್ಲರ ಹಾಗೆ ನಾವೂ ಸೀಸ ಕರಗಿಸಿ ನೀರಿಗೆ ಹೊಯ್ದು ಮುಂದಿನ ವರ್ಷದ ಭವಿಷ್ಯ ನೋಡಿದೆವು. ಅಪ್ಪನ ಸೀಸ ಗುಂಡಗೆ ಬಂತು. "ಗಾಲಿ," ಎಂದ ಅಪ್ಪ. "ಉಂಡಿ," ಎಂದೆ ನಾನು. ಅವ್ವ ಅದನ್ನು ಮತ್ತೆ ಸೌಟಿಗೆ ಹಾಕಿ ಕರಗಿಸಿಬಿಟ್ಟಳು. ಫೆಬ್ರವರಿಯ ಹೆಂಗಸರ ಹಬ್ಬದಲ್ಲಿ ನಮ್ಮೂರಿನ ಹೆಂಗಸರು ಕತ್ತರಿ ಹಿಡಿದು ಗಂಡಸರ ಹೆಗಲ ವಸ್ತ್ರದ ತುದಿ ಕತ್ತರಿಸುತ್ತಾರೆ. ಬೇರೆ ವರ್ಷಗಳಲ್ಲಿ ಅಪ್ಪನನ್ನು ಹಿಡಿಯಲು ಅವ್ವ ಚರ್ಚಿನವರೆಗೆ ಓಡಬೇಕಾಗುತ್ತಿತ್ತು. ಈ ಸಲ ಅವನು ಹಾಸಿಗೆಯಲ್ಲಿ ಕುಳಿತೇ ವಸ್ತ್ರದ ತುದಿಯನ್ನು ಅವಳ ಮುಂದೆ ಹಿಡಿದ. ಅವಳು ಕತ್ತರಿಸಿದ್ದು ಬೆರಳಗಲದಷ್ಟು ಮಾತ್ರ.

ಈಸ್ಟರಿನ ಹಿಂದಿನ ಶನಿವಾರ ಬಂತು. ಅವ್ವ ಹಿತ್ತಲಿನಿಂದ ಒಂದು ಗಿಡ ಎಳೆದು ತಂದಳು. ನಾನು ಅದರ ತುದಿಗೆ ಕೈ ಹಾಕಿದೆ. ಬುಡದಲ್ಲಿ ಕೊಯ್ದ ಜಾಗ ಹಸಿಯಾಗಿತ್ತು.

"ಯವ್ವಾ, ಇದು ನಮ್ಮ ಗಿಡ ಅಲ್ಲ."

"ನಡಿ, ದೀನಾ."

"ನಮ್ಮ ಗಿಡ ಎಲ್ಲೈತಿ?"

"ನಡಿ ಅಂದ್ನೆಲ್ಲ."

ನಡೆದೆ. ಕೇಳುವುದಕ್ಕೇನೂ ಉಳಿದಿರಲಿಲ್ಲ. ನನಗೂ ಅಪ್ಪ ಬೇಕಾಗಿದ್ದ.

ಗುಡ್ಡದ ಮೇಲೆ ಇಡೀ ಊರು ಕಂಬಳಿ ಹೊದ್ದು ನಿಂತಿತ್ತು. ಚರ್ಚಿನ ಹಿರಿಯರಾದ ಎಜ್ರಾ ಮಾಸ್ತರರು ಪ್ರಾರ್ಥನೆ ಮುಗಿಸಿ ಕಡ್ಡಿ ಗೀರಿದರು. ಕಡ್ಡಿ ಉರಿಯಿತು. ಒಟ್ಟಲಿಗೆ ಮುಟ್ಟಿಸಿದರೆ ಉರಿ ನಾಚಿಕೊಂಡಂತೆ ಹಿಂದೆ ಸರಿಯಿತು. ಮತ್ತೊಂದು ಗೀರಿದರು. ಸೀಮೆಎಣ್ಣೆ ಸುರಿದರು. ಎಣ್ಣೆ ಧಗ್ಗೆಂದು ಉರಿದು ಮುಗಿಯಿತು. ಮೂರು ತಿಂಗಳು ಒಣಗಿದ ಎಲೆಯ ಒಂದು ಎಳೆಯೂ ಕಪ್ಪಾಗಲಿಲ್ಲ.

"ಯಾರ ಮನೀದು ಕಡಿಮಿ ಐತಿ?" ಮಾಸ್ತರರು ಕೂಗಿದರು.

"ನಂದು ಅಗಾ ಅಲ್ಲೈತ್ರಿ, ಬುಡಕ್ಕ ಕೆಂಪು ನೂಲು ಕಟ್ಟೀನಿ."

"ನಂದು ಅದರ ಬಾಜೂಕ."

"ಗಂಡಸರು ಕಡ್ಡಿ ಗೀರಿದ್ರ ಹಿಂಗಾ ಆಗೂದು," ಎಂದಳು ನಮ್ಮ ಓಣಿಯ ಮಾರ್ತವ್ವ. "ದಿನಾ ಒಲಿ ಹಚ್ಚಿ ರೂಢಿ ಇದ್ರ ಹತ್ತತಿತ್ತು." ಜನ ನಕ್ಕರು. ಆಮೇಲೆ ನಗು ನಿಂತಿತು. ಹೊತ್ತು ಮುಳುಗಿತು. ಎಲ್ಲರೂ ಅಕ್ಕಪಕ್ಕದವರ ಮುಖ ನೋಡುತ್ತ ಇಳಿದರು. ಅವ್ವ ಎಲ್ಲರ ಹಾಗೆಯೇ ಅಕ್ಕಪಕ್ಕ ನೋಡಿದಳು.

ಮನೆಯಲ್ಲಿ ಅಪ್ಪ ಕಾಯುತ್ತಿದ್ದ. "ಹತ್ತಲಿಲ್ಲೇನ? ಗಾಲ್ಯಾಗಿನ ಹುಲ್ಲು ಹಸೀ ಆದೀತು. ತಗದು ಒಣಗಸಾಕ ಹೇಳ್ರಿ."

ಹೀಗೆ ಚಳಿಗಾಲ ನಿಂತುಬಿಟ್ಟಿತು. ಈಸ್ಟರ್ ಆಗದೆ ಉಪವಾಸದ ಕಾಲ ಮುಗಿಯುವುದಿಲ್ಲವಾದ್ದರಿಂದ ಊರಿಗೆ ಊರೇ ಮಾಂಸ, ಸಿಹಿ ಬಿಟ್ಟು ಹುಳಿಗೋಸು, ಜೋಳದ ಗಂಜಿಯಲ್ಲಿ ದಿನ ನೂಕಿತು. ಓಣಿಯಲ್ಲಿ ಹೊರಟ ಹುಂಜವನ್ನು ನೋಡಿ ಮಾರ್ತವ್ವ, "ನಿನ್ನ ಆಯುಷ್ಯ ಗಟ್ಟಿ ಐತಪಾ," ಎಂದಳು. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಶಾಲೆಯಲ್ಲಿ ಪಾಠವೆಲ್ಲ ಮುಗಿದು, ಬೇಸಿಗೆ ರಜೆ ಬಾರದೆ, ಮಾಸ್ತರರು ಮತ್ತೆ ಮೊದಲ ಪುಟದಿಂದ ಶುರು ಮಾಡಿದರು. ಮಾವಿನ ಮರಗಳು ಮೊಗ್ಗು ಕಚ್ಚಿಕೊಂಡು ಹಾಗೆಯೇ ನಿಂತವು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಹಗ್ಗದ ಮೇಲೆ ರೊಟ್ಟಿಯ ಹಾಗೆ ಸೆಟೆದು ನಿಲ್ಲುತ್ತಿತ್ತು. ಪ್ರತಿ ಶನಿವಾರ ಯಾರೋ ಒಬ್ಬರು ಗುಡ್ಡ ಹತ್ತಿ ಕಡ್ಡಿ ಗೀರಿ ನೋಡಿ ಬರುತ್ತಿದ್ದರು. ಬರುಬರುತ್ತ ಮನೆ ಮನೆಗಳ ನಡುವೆ ಮಾತು ಕಡಿಮೆಯಾಯಿತು. ಯಾರದೋ ಮನೆಯಲ್ಲಿ ಗಿಡ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಗಿಡ ಬಟ್ಟಿಯ ಮೇಲಿನ ಅಟ್ಟದಲ್ಲಿತ್ತು. ಮೈದಾ ಚೀಲಗಳ ಹಿಂದೆ, ಕ್ರಿಸ್ಮಸ್ಸಿನ ಬೆಳ್ಳಿ ದಾರವನ್ನೂ ಬಿಚ್ಚದೆ ಅವ್ವ ಮಲಗಿಸಿದ್ದಳು. ಒಳಗಿನ ಕೋಣೆಯಲ್ಲಿ ಅಪ್ಪ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ಕಾಯಿಲೆ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಡಾಕ್ಟರು ಹೇಳಿದಂತೆಯೇ ಅವನ ಹೃದಯ ಚಳಿಯಲ್ಲಿ ಹೆಂಗೋ ತಡೆದುಕೊಂಡಿತ್ತು. ಅವ್ವ ಬೆಳಿಗ್ಗೆ ಎದ್ದು ಮೊದಲು ಅವನ ಎದೆಗೆ ಕೈ ಇಟ್ಟು, ಆಮೇಲೆ ಕಿಟಕಿ ತೆರೆದು ಹಂಚಿನ ಮೇಲಿನ ಬಿಳುಪನ್ನು ನೋಡಿ, ಆಮೇಲೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ನನಗೆ ನಿಜಕ್ಕೂ ದಿಗಿಲಾಗುತ್ತಿತ್ತು. ಒಬ್ಬ ಹೆಂಗಸು ಒಂದು ಒಣ ಗಿಡ ಬಚ್ಚಿಟ್ಟು ಆಕಾಶವನ್ನೇ ನಿಲ್ಲಿಸಿ, ಅದರ ಕೆಳಗೆ ಕುಳಿತು ಬ್ರೆಡ್ಡು ಮಾಡುತ್ತಿದ್ದಳು.

ಮಾರ್ತವ್ವನ ಸೊಸೆ ಲೀದಿಯಾಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅವಳ ಗಂಡ ಕೆಳಗಿನ ಊರಿನಲ್ಲಿ ಲಾರಿ ಓಡಿಸುತ್ತಿದ್ದ. ಮಂಜಿನ ಆಚೆ ಸಿಕ್ಕಿಕೊಂಡಿದ್ದ. ಹುಟ್ಟಿದ ಗಂಡುಕೂಸು ಅಂಗೈಯಿಂದ ಸ್ವಲ್ಪ ದೊಡ್ಡದು. ಮೈ ಬಿಸಿ ಹಿಡಿಯುತ್ತಿರಲಿಲ್ಲ. ಎಷ್ಟು ಸುತ್ತಿದರೂ ಕಾಲು ತಣ್ಣಗೆ. "ಬೆಚ್ಚನ್ನ ಜಾಗಾದಾಗ ಇಡ್ರಿ. ಬ್ಯಾಸಗಿ ಬಂದ್ರ ಬದಕತೈತಿ," ಎಂದಳು ಸೂಲಗಿತ್ತಿ. ಊರಿನಲ್ಲಿ ಹಗಲೂ ಇರುಳೂ ಬಿಸಿಯಾಗಿರುವ ಜಾಗ ಒಂದೇ, ನಮ್ಮ ಬಟ್ಟಿ. ಮಾರ್ತವ್ವ ಕೂಸನ್ನು ಬ್ರೆಡ್ಡಿನ ಬುಟ್ಟಿಯಲ್ಲಿ ಮಲಗಿಸಿಕೊಂಡು ಬಂದಳು.

"ರಾಹೇಲಿ, ನಿನ್ನ ಬ್ರೆಡ್ಡಿನ ಜೋಡಿ ನನ್ನ ಮೊಮ್ಮಗನ್ನೂ ಒಂದೀಟು ಬೇಯಿಸಿ ಕೊಡು," ಎಂದಳು. ನಗಿಸಲು ನೋಡಿದಳು. ಬುಟ್ಟಿಯನ್ನು ಮಾತ್ರ ಎದೆಗೆ ಅವಚಿಕೊಂಡಿದ್ದಳು.

ಅವ್ವ ಬುಟ್ಟಿಯನ್ನು ಇಸಿದುಕೊಂಡು ಬಟ್ಟಿಯ ಬಾಯಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟಳು.  ಅಂದಿನಿಂದ ಕೂಸು ನಮ್ಮಲ್ಲೇ. ಲೀದಿಯಾ ಬಂದು ಹಾಲೂಡಿಸುತ್ತಿದ್ದಳು, ಮಾರ್ತವ್ವ ಪಕ್ಕದಲ್ಲಿ ಕುಳಿತು ಊರಿನವರನ್ನೆಲ್ಲ ಬಯ್ಯುತ್ತಿದ್ದಳು. "ಯಾರ ಮನ್ಯಾಗ ಆ ಗಿಡ ಐತೋ, ಅವರ ಕೈ ಬಿದ್ದ ಹೋಗ್ಲಿ." ಅವ್ವ ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದುತ್ತಿದ್ದಳು. ಒಳಗಿನಿಂದ ಅಪ್ಪ ಕೂಗುತ್ತಿದ್ದ: "ಕೂಸು ಯಾಕ ಅಳಾಕತ್ತೈತಿ? ಹಸದೈತೇನು ನೋಡ್ರಿ."

ಒಂದು ಮಧ್ಯಾಹ್ನ ಮಾರ್ತವ್ವ ಕೂಸಿನ ದುಪ್ಪಟಿ ಕೊಡವುತ್ತಿದ್ದವಳು ತಟಕ್ಕನೆ ನಿಂತಳು. ದುಪ್ಪಟಿಯ ಮೇಲೆ ಸೂಜಿಯಂಥ ಒಣ ಎಲೆಗಳು ಬಿದ್ದಿದ್ದವು. ಅವಳು ಒಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿದಳು. ಆಮೇಲೆ ಮೇಲೆ ನೋಡಿದಳು. ಅಟ್ಟದ ಹಲಗೆಗಳ ಸಂದಿಯಿಂದ ಇನ್ನೊಂದು ಎಲೆ ತೇಲುತ್ತ ಇಳಿಯಿತು.

"ರಾಹೇಲಿ. ಇದು ನಿಂದಾ?"

ಅವ್ವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಂದಾ."

"ಡಾಕ್ಟರ್ ಹೇಳಿದ್ದಕ್ಕೇನು?"

"ಹ್ಞೂಂ."

ಮಾರ್ತವ್ವ ಕಟ್ಟೆಯ ಮೇಲೆ ಕುಳಿತಳು. ಅವಳು ಕೂಗಾಡುತ್ತಾಳೆಂದು ನಾನು ಬಾಗಿಲು ಮುಂದೆ ಮಾಡಿದೆ. ಅವಳ ದನಿ ಏರಲಿಲ್ಲ. "ನನ್ನ ಗಂಡ ಸಾಯಾಗ ನನಗ ಈ ಉಪಾಯ ಹೊಳೀಲೇ ಇಲ್ಲ ನೋಡು. ಹೊಳದಿದ್ರ ನಾನೂ ಇಡತಿದ್ದೆ." ಆಮೇಲೆ ಎದ್ದು ಕೂಸಿನ ಕಾಲು ಮುಟ್ಟಿ ನೋಡಿದಳು. "ಇದು ಇಲ್ಲೈತಿ. ನಿನ್ನ ಗಂಡ ಅಲ್ಲೇ ಒಳಗ ಅದಾನ. ಇಬ್ರೂ ನಿನ್ನ ಮನ್ಯಾಗಾ ಅದಾರ. ನಾ ಏನ್ ಹೇಳ್ಲಿ, ನೀನಾ ನೋಡು."

ಅಷ್ಟು ದೊಡ್ಡ ಮಾತು ಹೇಳಿದವಳು ಗುಟ್ಟು ಇಟ್ಟುಕೊಂಡಳೆಂದಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬ್ರೆಡ್ಡಿಗೆ ಬರುವವರು ಬರಲಿಲ್ಲ. ನಾಲ್ಕಾರು ಜನ ಗಂಡಸರು ಬಾಗಿಲಿಗೆ ಬಂದು, ಅಟ್ಟಕ್ಕೆ ಏಣಿ ಹಾಕಿ ಗಿಡ ಎಳೆದುಕೊಂಡು ಹೋಗುತ್ತೇವೆ ಎಂದು ಕೂಗಿದರು. ಎಜ್ರಾ ಮಾಸ್ತರರು ಓಡಿ ಬಂದು ಅಡ್ಡ ನಿಂತರು. "ಕಸಗೊಂಡು ಹೋಗಿ ಏನ್ ಮಾಡ್ತೀರಿ? ಯಜಮಾನಿ ಕೈಯಾರೆ ಕೊಡಲಾರದ ಗಿಡ ಹತ್ತತೈತೇನು? ಹೋಗ್ರಿ ಮನೀಗೆ." ಅವ್ವನ ಕಡೆ ಒಮ್ಮೆ ನೋಡಿ ಅವರೂ ಹೊರಟುಹೋದರು.

ಈ ಗದ್ದಲ ಒಳಗೆ ಕೇಳಿಸದೆ ಇರಲಿಲ್ಲ. ಅವ್ವ ಗಂಜಿ ತೆಗೆದುಕೊಂಡು ಹೋದಾಗ ಅಪ್ಪ ಕೇಳಿದ.

"ರಾಹೇಲಿ, ಹೌದೇನ?"

"ಹೌದ್ರಿ."

ಅವನು ಬಟ್ಟಲನ್ನು ನೋಡಿದ. ಆಮೇಲೆ ಕೆಮ್ಮು ಬರುವಷ್ಟು ನಕ್ಕ. "ಅದಕ್ಕಾ ಏನು ನಾ ಇಷ್ಟ ದಿವಸ ಹುಳಿಗೋಸು ತಿನ್ನಾಕತ್ತಿದ್ದು! ಈ ಊರಾಗ ನನ್ನಷ್ಟ ತುಟ್ಟಿ ಮನಿಷ್ಯಾ ಯಾರೂ ಆಗಿಲ್ಲ ಬಿಡು."

ಗಿಡ ಕೊಟ್ಟುಬಿಡು ಎಂದು ಅವನು ಹೇಳುತ್ತಾನೆಂದು ನಾನು ಕಾದೆ. ನಾನು ಓದಿದ ಪುಸ್ತಕಗಳಲ್ಲಿ ಅಪ್ಪಂದಿರು ಹಾಗೆ ಹೇಳುತ್ತಾರೆ, ಹೇಳಿ ಕಣ್ಣು ಮುಚ್ಚುತ್ತಾರೆ. ನನ್ನ ಅಪ್ಪ ಗಂಜಿ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು, ಅವ್ವನ ಸೀರೆಯ ಸೆರಗನ್ನು ಚಿಕ್ಕ ಹುಡುಗನಂತೆ ಹಿಡಿದುಕೊಂಡ.

"ಇರ್ಲಿ. ಇಟ್ಟಿರು. ನನಗ ಅಂಜಿಕಿ ಬರತೈತಿ, ರಾಹೇಲಿ."

"ಇಟ್ಟಿರ್ತೀನ್ರಿ," ಎಂದಳು ಅವ್ವ.

ಮರುದಿನ ಚಳಿ ಇನ್ನೂ ಬಿಗಿಯಾಯಿತು. ಲೀದಿಯಾ ಬಂದು ಹಾಲೂಡಿಸಿ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಕಟ್ಟಿಗೆ ಒಡೆಯುತ್ತಿದ್ದೆ. ಕೂಸು ಬೆಳಗಿನಿಂದ ಬೆಕ್ಕಿನ ಮರಿಯಂತೆ ಕೀರಲು ದನಿಯಲ್ಲಿ ಅಳುತ್ತಲೇ ಇತ್ತು. ಅವ್ವ ಬಟ್ಟಿಯಿಂದ ಬ್ರೆಡ್ಡು ತೆಗೆಯುತ್ತ ಅತ್ತ ನೋಡುತ್ತಿರಲಿಲ್ಲ. ಅಪ್ಪ ಒಳಗಿನಿಂದ ಕೂಗಿದ.

"ರಾಹೇಲಿ! ಕೂಸು ಅಳೂದು ನಿಂತೈತಿ."

ಆಗಲೇ ನಮಗೂ ಕೇಳಿಸಿದ್ದು, ಆ ಸದ್ದಿಲ್ಲದಿರುವುದು. ಅವ್ವ ಕೈಯಲ್ಲಿದ್ದ ಹಲಗೆ ಬಿಟ್ಟು ಓಡಿದಳು. ಕೂಸಿನ ತುಟಿ ನೇರಳೆಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಅವಳು ಅದನ್ನು ಬತ್ತಲೆ ಮಾಡಿ, ರವಿಕೆ ಬಿಚ್ಚಿ ತನ್ನ ಎದೆಗೆ ಅವಚಿಕೊಂಡು ಬಟ್ಟಿಯ ಬಾಯಿಗೆ ಬೆನ್ನು ಕೊಟ್ಟು ಕುಳಿತಳು. ಬೆನ್ನು ಸುಡುತ್ತಿದ್ದರೂ ಸರಿಯಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಿ ಅದರ ಅಂಗಾಲು ಉಜ್ಜಿದಳು. "ಅಳು," ಎಂದಳು. "ಅಳೋ ನನ್ನಪ್ಪಾ, ಅಳು."  ಬಹಳ ಹೊತ್ತಿನ ಮೇಲೆ ಕೂಸು ಒಮ್ಮೆ ಬಿಕ್ಕಿತು. ಮತ್ತೊಮ್ಮೆ. ಆಮೇಲೆ ಅತ್ತಿತು.

ಅವ್ವ ಅದನ್ನು ನನ್ನ ಕೈಗೆ ಕೊಟ್ಟು, ರವಿಕೆ ಸರಿಮಾಡಿಕೊಂಡು, ಒಳಬಾಗಿಲ ಹತ್ತಿರ ನಿಂತಳು. ಒಳಗೆ ಹೋಗಲಿಲ್ಲ. ಅಪ್ಪನಿಗೆ ಅವಳ ನೆರಳು ಕಂಡಿರಬೇಕು.

"ಬದುಕೇತೇನು?" ಎಂದ.

"ಈಗ ಬದುಕೇತ್ರಿ."

 ಅವ್ವ ಏಣಿ ಹಾಕಿ ಅಟ್ಟ ಹತ್ತಿದಳು.

ಗಿಡ ಇಳಿಸಿದಾಗ ಅದರ ಎಲೆ ಅರ್ಧಕ್ಕರ್ಧ ಉದುರಿ ಬೆಳ್ಳಿ ದಾರ ಮಾತ್ರ ಹೊಳೆಯುತ್ತಿತ್ತು. ಅವ್ವ ಅದನ್ನು ಹೆಗಲ ಮೇಲೆ ಹೊತ್ತು ನಡುಬೀದಿಯಲ್ಲಿ ಹೊರಟಳು. ಅಪ್ಪ ತಾನೂ ಬರುತ್ತೇನೆಂದು ಹಟ ಹಿಡಿದ. "ನನ್ನ ಗಾಲಿ ಈ ಮಂದಿ ಸೊಟ್ಟ ಬಿಡ್ತಾರ," ಎಂದ. ಅದೊಂದೇ ಕಾರಣವೆಂಬಂತೆ ಹೇಳಿದ. ಕೂಸನ್ನು ಬಿಸಿ ದುಪ್ಪಟಿಯಲ್ಲಿ ಸುತ್ತಿ, ಓಡಿ ಬಂದ ಲೀದಿಯಾಗೆ ಕೊಟ್ಟು, ಅವನನ್ನು ಬ್ರೆಡ್ಡಿನ ತಳ್ಳುಗಾಡಿಯಲ್ಲಿ ಕೂಡಿಸಿ ನಾನು ಹಿಂದೆ ತಳ್ಳಿದೆ. ಒಂದೊಂದೇ ಬಾಗಿಲು ತೆರೆಯಿತು. ಯಾರೂ ಬಯ್ಯಲಿಲ್ಲ, ಯಾರೂ ಹೊಗಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ನಡೆದರು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ, ಹಿಂದಿನ ದಿನ ಏಣಿ ಹಾಕುತ್ತೇವೆಂದು ಕೂಗಿದ್ದವರೇ ಕೈ ಹಾಕಿದರು.

ಅವ್ವ ಗಿಡವನ್ನು ಒಟ್ಟಲಿನ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಎಜ್ರಾ ಮಾಸ್ತರರು ಕಡ್ಡಿಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದರು. ಅವಳು ಗೀರಿದಳು.

ಅಂಥ ಬೆಂಕಿಯನ್ನು ನಾನು ನೋಡಿರಲಿಲ್ಲ. ಹತ್ತಿತು ಎನ್ನುವುದಕ್ಕಿಂತ, ಅಷ್ಟು ದಿನ ಕಟ್ಟೆಯ ಹಿಂದೆ ನಿಂತ ನೀರು ಒಡೆದು ನುಗ್ಗಿದಂತೆ ಬೆಂಕಿ ಮೇಲಕ್ಕೆ ನುಗ್ಗಿತು. ಜನ ಕೂಗುತ್ತ ಹಿಂದೆ ಸರಿದರು. ಒಟ್ಟಲಿನೊಳಗೆ ಒಂದೊಂದು ಮನೆಯ ಗಿಡವೂ ಬೇರೆ ಬೇರೆಯಾಗಿ ಸಿಡಿಯುವುದು ಕೇಳುತ್ತಿತ್ತು. ಗಾಲಿಗಳಿಗೆ ಕಿಡಿ ಮುಟ್ಟಿಸಿದರು. ಅಪ್ಪ ಗಾಡಿಯಲ್ಲಿ ಅರ್ಧ ಎದ್ದು ನಿಂತು, "ಎಡಕ್ಕ ಎಳೀಬ್ಯಾಡ್ರೋ, ಅದರ ದಾರಿ ಅದಕ್ಕ ಗೊತ್ತೈತಿ!" ಎಂದು ಕೂಗಿದ. ಮೊದಲ ಗಾಲಿ ಉರುಳಿತು. ಸೂರ್ಯನ ಒಂದು ಮರಿಯಂತೆ ಹಾರುತ್ತ, ಕುಪ್ಪಳಿಸುತ್ತ, ಕಿಡಿ ಎರಚುತ್ತ ಗುಡ್ಡ ಇಳಿಯಿತು. ಅದು ಹೋದ ದಾರಿಯಲ್ಲಿ ಬಿಳಿ ನೆಲ ಸೀಳಿ, ಆ ಸೀಳಿನಲ್ಲಿ ಹಸಿರು ಎದ್ದಿತು. ಬಣ್ಣ ಬಳಿದಂತೆ ಅಲ್ಲ. ಹುಲ್ಲಿನ ಮೊಳಕೆಗಳು ಮಣ್ಣು ನೂಕಿ ಏಳುವುದು ಕಣ್ಣಿಗೆ ಕಾಣುತ್ತಿತ್ತು. ಎರಡನೆಯ ಗಾಲಿ, ಮೂರನೆಯದು. ಮೊದಲನೆಯದು ಕೆರೆಗೆ ಬಿದ್ದಾಗ ನೀರಿನ ಮೇಲೆ ಹೆಪ್ಪುಗಟ್ಟಿದ ತೆಳು ಪದರ ಒಡೆದ ಸದ್ದು ನಮ್ಮ ಕಾಲ ಕೆಳಗಿನ ಬಂಡೆಗೂ ಮುಟ್ಟಿತು. ಕಣಿವೆಯ ಮಂಜು ಪರದೆಯಂತೆ ಮೇಲೆದ್ದಿತು. ಕೆಳಗೆ ದಾರಿ ಕಂಡಿತು. ದಾರಿಯ ತಿರುವಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ಹಾರನ್ ಬಿಟ್ಟೂ ಬಿಡದೆ ಒದರತೊಡಗಿತು. ಲೀದಿಯಾ ಕೂಸನ್ನು ಎತ್ತಿ ಹಿಡಿದಳು.

ಆಮೇಲೆ ಗಾಳಿ ತಿರುಗಿತು. ಬೆಚ್ಚಗಿತ್ತು. ಬಂದಿಯಾಗಿದ್ದ ವಸಂತವೆಲ್ಲ ಒಂದೇ ಸಂಜೆಗೆ ಬಂತು. ಗುಡ್ಡದ ಬುಡದ ಮಾವಿನ ಮರಗಳಲ್ಲಿ ಮೊಗ್ಗು ಒಡೆಯುವ ಸದ್ದು, ತಗಡಿನ ಮೇಲೆ ಮಳೆ ಹನಿ ಬಿದ್ದಂತೆ ಪಟಪಟ ಕೇಳಿಸಿತು. ಹಕ್ಕಿಗಳು ಎಲ್ಲಿದ್ದವೋ, ಗುಂಪು ಗುಂಪಾಗಿ ಮಂಜಿನ ಗೋಡೆ ಇದ್ದ ಜಾಗವನ್ನು ದಾಟಿ ಬಂದು ನಮ್ಮ ತಲೆಯ ಮೇಲೆ ಸುತ್ತಿದವು. ಮುದುಕರು ಕಂಬಳಿ ಜಾರಿದ್ದನ್ನೂ ಮರೆತು ಬಾಯಿ ತೆರೆದು ನಿಂತಿದ್ದರು. ಮಾರ್ತವ್ವನೂ ಮಾತಾಡಲಿಲ್ಲ, ಅದೂ ಒಂದು ಅದ್ಭುತವೇ. ಅವ್ವ ಮಾತ್ರ ಏನನ್ನೂ ನೋಡುತ್ತಿರಲಿಲ್ಲ. ಗಾಡಿಯ ಪಕ್ಕದಲ್ಲಿ ನಿಂತು, ಅಪ್ಪನ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಅಪ್ಪ ಅಂದು ಸಾಯಲಿಲ್ಲ. ಮರುದಿನವೂ ಸಾಯಲಿಲ್ಲ. ಎಳೆಬಿಸಿಲಿನಲ್ಲಿ ಬಾಗಿಲ ಮುಂದೆ ಮಂಚ ಹಾಕಿಸಿಕೊಂಡು, ಬಣ್ಣದ ಮೊಟ್ಟೆ ಸುಲಿದು ತಿಂದ. ಬರುಬರುತ್ತ ಮಾತು ಗಿಡ್ಡವಾಯಿತು. ನಾಲ್ಕು ಹೆಜ್ಜೆ ಇಟ್ಟರೆ ತುಟಿ ಕಪ್ಪಾಗುತ್ತಿತ್ತು. ಇಷ್ಟು ಬಿಸಿಲಿಗೇ ಹೀಗಾದರೆ ಧಗೆಗೆ ಏನಾಗಬಹುದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೇಟೆಯ ಬಯಲಿಗೆ ಮೇ ಕಂಬ ಬಂದಿತ್ತು. ತೊಗಟೆ ಸುಲಿದು, ಎಣ್ಣೆ ಹಚ್ಚಿ, ರಿಬ್ಬನ್ ಕಟ್ಟಿ ಮಲಗಿಸಿದ್ದರು. ಅದು ನಿಲ್ಲದೆ ಮದುವೆಗಳಾಗುವಂತಿಲ್ಲ, ಬಿತ್ತನೆಯಾಗುವಂತಿಲ್ಲ.

ಕಂಬ ಏಳಿಸುವ ಹಿಂದಿನ ದಿನ ಎಜ್ರಾ ಮಾಸ್ತರರು ಬಂದರು. ಅವರ ಹಿಂದೆ ಮಾರ್ತವ್ವ, ಮದುವೆಗೆ ಕಾದಿದ್ದ ಹುಡುಗಿಯರ ತಾಯಂದಿರು, ಹೊಲದವರು. ಅವ್ವ ಅವರನ್ನು ನೋಡಿ ಎದ್ದು ನಿಂತಳು. ಬಯ್ಗುಳಕ್ಕೆ ಸಿದ್ಧಳಾದಂತೆ ಸೆರಗು ಬಿಗಿದುಕೊಂಡಳು.

ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದರು. "ರಾಹೇಲವ್ವಾ, ಕಂಬ ತಯಾರೈತಿ. ಆದ್ರ ನೀ ಹೇಳೂತನಾ ಏಳಿಸೂದಿಲ್ಲ."

ಅವ್ವನಿಗೆ ತಿಳಿಯಲಿಲ್ಲ. "ಏನಂದ್ರಿ?"

"ಆಗ ನೀ ಕೇಳದಾ ಇಟಗೊಂಡಿ," ಎಂದಳು ಮಾರ್ತವ್ವ. "ಈಗ ನಾವಾ ಕೊಡಾಕತ್ತೀವಿ. ತಗೋ. ಮದಿವಿ ಎಲ್ಲಿ ಓಡಿ ಹೋಗ್ತಾವ? ಹುಡುಗ್ಯಾರು ಇನ್ನೊಂದೀಟು ಅಡಗಿ ಕಲೀಲಿ."

ಅವ್ವ ಇಲ್ಲ ಎನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೂಂ ಎಂದು ತಲೆಯಾಡಿಸಿದಳು.

ಊರು ಕಾಯಿತು. ಯಾರೂ ಬಂದು, ಇನ್ನೂ ಎಷ್ಟು ದಿನ ಎಂದು ಕೇಳಲಿಲ್ಲ. ಬಯಲಿನಲ್ಲಿ ಕಂಬ ಮಲಗೇ ಇತ್ತು. ಮಕ್ಕಳು ಅದರ ಮೇಲೆ ನಡೆದು ಆಡಿದರು, ನಾಯಿ ಅದರ ನೆರಳಿನಲ್ಲಿ ಮರಿ ಹಾಕಿತು. ಬಿಸಿಲು ಏರದೆ, ಮಾವು ಹಣ್ಣಾಗದೆ, ನಮ್ಮ ಮೇಲೆ ಹೂವು ಉದುರುವ ಒಂದೇ ಹವೆ ನಿಂತುಬಿಟ್ಟಿತು. ಅಪ್ಪ ಅದರಲ್ಲಿ ಮಂಚದ ಮೇಲೆ ಮಲಗಿ, ಬರುವವರು ಹೋಗುವವರಿಗೆಲ್ಲ ಗಾಲಿಗೆ ಎಂಥ ಮರ ಆರಿಸಬೇಕು ಎಂದು ಉಸಿರು ಹಿಡಿದು ಹಿಡಿದು ಹೇಳಿದ. ಅವರಿಗೆ ಗಾಲಿ ಮಾಡುವುದಿರಲಿಲ್ಲ. ಆದರೂ ಕುಳಿತು ಕೇಳಿದರು. ಲೀದಿಯಾಳ ಕೂಸಿನ ಕೆನ್ನೆ ತುಂಬಿಕೊಂಡಿತು. ಒಂದು ಬೆಳಿಗ್ಗೆ ಅವ್ವ ಎದ್ದು ಅಪ್ಪನ ಎದೆಗೆ ಕೈ ಇಟ್ಟಳು. ತೆಗೆಯಲಿಲ್ಲ. ನಾನು ಎದ್ದು ಬಂದಾಗಲೂ ಹಾಗೆಯೇ ಇಟ್ಟುಕೊಂಡು ಕುಳಿತಿದ್ದಳು.

ಮಣ್ಣು ಮುಗಿಸಿ ಜನ ಚರ್ಚಿನ ಹಿಂದಿನಿಂದ ಮನೆಗೆ ಹೊರಟರು. ಅವ್ವ ಮನೆಯ ದಾರಿ ಹಿಡಿಯಲಿಲ್ಲ. ಪೇಟೆಯ ಬಯಲಿಗೆ ನಡೆದಳು. ನಾನು ಹಿಂದೆ ಹೋದೆ. ಒಬ್ಬೊಬ್ಬರಾಗಿ ಊರೂ ತಿರುಗಿ ಬಂತು. ಅವ್ವ ಕಂಬಕ್ಕೆ ಕಟ್ಟಿದ್ದ ದಪ್ಪ ಹಗ್ಗವನ್ನು ನೆಲದಿಂದ ಎತ್ತಿಕೊಂಡಳು.

"ರಾಹೇಲಿ, ಇವತ್ತಾ ಬ್ಯಾಡ," ಎಂದಳು ಮಾರ್ತವ್ವ. "ಇನ್ನೆರಡು ದಿವಸ ಇರ್ಲಿ. ನಮಗೇನೂ ಅವಸರ ಇಲ್ಲ."

"ಇಷ್ಟ ದಿವಸ ಇದ್ರೆಲ್ಲ," ಎಂದಳು ಅವ್ವ. ಅವಳ ದನಿ ಒಡೆದಿತ್ತು, ಕೈ ಗಟ್ಟಿಯಾಗಿತ್ತು. "ಸಾಕು. ಬರ್ರಿ, ಕೈ ಹಚ್ಚರಿ."

ಊರೆಲ್ಲ ಬಂದು ಹಗ್ಗ ಹಿಡಿಯಿತು. ಆದರೆ ಅವಳು ಎಳೆಯುವವರೆಗೆ ಒಬ್ಬರೂ ಎಳೆಯಲಿಲ್ಲ.